ಎಡಗಡೆಯ ವಾಲ್ವು

ನನ್ನ ಕಿವಿಯ ಬಗ್ಗೆ ನನಗೆ ಮೊದಲಿಂದಲೂ ತುಸು ಜಂಬ. ಹೊಸನಗರದಲ್ಲಿ ಮೂವತ್ತು ವರ್ಷ ಮೈಕ್‌ಸೆಟ್ ಬಾಡಿಗೆಗೆ ಕೊಟ್ಟವನು ನಾನು. ಯಕ್ಷಗಾನದ ದಿನ ರಸ್ತೆಯಲ್ಲಿ ನಿಂತೇ ಯಾವ ಹಾರ್ನು ಒಡಕಲು ಎಂದು ಹೇಳಿಬಿಡುತ್ತಿದ್ದೆ. ಕಸುಬು ಬಿಟ್ಟರೂ ಜಂಬ ಬಿಟ್ಟಿಲ್ಲ. ಹಳೆಯ ವಾಲ್ವ್ ಆಂಪ್ಲಿಫೈಯರ್ ಒಂದನ್ನು ಮನೆಯಲ್ಲಿಟ್ಟುಕೊಂಡು, ಎಡಕ್ಕೊಂದು ಬಲಕ್ಕೊಂದು ಸ್ಪೀಕರ್ ಇಟ್ಟು, ನಡುವೆ ಕುರ್ಚಿ ಹಾಕಿಕೊಂಡು ಸಂಜೆ ಹಾಡು ಕೇಳುತ್ತೇನೆ. ಎಡಕ್ಕೊಂದು ಬಲಕ್ಕೊಂದು ವಾಲ್ವು, ಆ ಗಾಜಿನ ಬುರುಡೆಗಳೊಳಗಿನ ತಂತಿ ಕೆಂಪಗಾಗದೆ ಪೆಟ್ಟಿಗೆ ಬಾಯಿ ಬಿಡುವುದಿಲ್ಲ. ವೀಳ್ಯದೆಲೆಗೆ ಸುಣ್ಣ ಹಚ್ಚುವಷ್ಟು ಹೊತ್ತು ಬೇಕು.

ಮೊನ್ನೆ ಎಡಗಡೆಯ ಹಾಡು ಸಣ್ಣಗಾಯಿತು. ವಾಲ್ವು ಮುದಿಯಾಗಿದೆ ಎಂದುಕೊಂಡು ಸುಮ್ಮನಿರಬಹುದಿತ್ತು. ಆದರೆ ಯಾವಾಗಲೂ ನನ್ನ ಎಡಕ್ಕೆ ಕೂರುವ ಹೆಂಡತಿ ಜಲಜಾಕ್ಷಿ, ಕರೆದರೆ ಓ ಅನ್ನುವುದಿಲ್ಲ ಎಂದು ಆರು ತಿಂಗಳಿಂದ ಜಗಳ ತೆಗೆಯುತ್ತಿದ್ದಳು. ಕೆಟ್ಟಿರುವುದು ವಾಲ್ವೋ, ನನ್ನ ಎಡಗಿವಿಯೋ? ವಾಲ್ವಾದರೆ ಶಿವಮೊಗ್ಗದಿಂದ ತರಿಸಬಹುದು. ಕಿವಿಯನ್ನು ಎಲ್ಲಿಂದ ತರಿಸಲಿ? ನಿಜಕ್ಕೂ ಹೆದರಿದ್ದೆ.

ಇಂಥದ್ದಕ್ಕೆ ನಮ್ಮ ಕಸುಬಿನಲ್ಲಿ ಒಂದೇ ಮದ್ದು. ಎಡದ ವಾಲ್ವನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ನೋಡುವುದು. ವಾಲ್ವು ಕೆಟ್ಟಿದ್ದರೆ ಸಣ್ಣ ಸದ್ದೂ ಅದರ ಜೊತೆಗೇ ಬಲಕ್ಕೆ ಹೋಗುತ್ತದೆ. ಸ್ವಿಚ್ ಆರಿಸಿ, ತಣಿಯಲು ಬಿಟ್ಟು, ಬಟ್ಟೆ ಸುತ್ತಿ ಮೆಲ್ಲಗೆ ಕಿತ್ತೆ. ಅದಲು ಬದಲು ಮಾಡಿ ಸ್ವಿಚ್ ಹಾಕಿದರೆ ಕರೆಂಟೇ ಹೋಯಿತು. ಲಿಂಗನಮಕ್ಕಿಯ ನೀರು ನಾಡಿಗೆಲ್ಲ ಬೆಳಕು ಕೊಡುತ್ತದೆ, ಪಕ್ಕದಲ್ಲಿರುವ ನಮ್ಮ ನೆನಪು ಮಾತ್ರ ಅದಕ್ಕೆ ಆಗಾಗ ತಪ್ಪುತ್ತದೆ. ಮುಕ್ಕಾಲು ಗಂಟೆ ಆ ಪೆಟ್ಟಿಗೆಯ ಮುಂದೆ ಉಗುರು ಕಚ್ಚುತ್ತ ಕೂತೆ.

ಕರೆಂಟು ಬಂತು, ಹಾಡೂ ಬಂತು. ಎರಡೂ ಕಡೆ ಸಮಸಮ. ವಾಲ್ವೂ ಸರಿ, ಕಿವಿಯೂ ಸರಿ, ಎಲ್ಲೋ ಪಿನ್ನು ಸಡಿಲಾಗಿತ್ತು ಎಂದು ಅಡುಗೆಮನೆಗೆ ಕೇಳುವಂತೆ ಸಾರಿದೆ. ಜಲಜಾಕ್ಷಿ ಕೈ ಒರೆಸಿಕೊಳ್ಳುತ್ತ ಬಂದು ನಿಂತು ಕೇಳಿದಳು.

“ಎಂತ ಸರಿ ಆದದ್ದು? ಈಗ ಬಲಗಡೆ ಕಮ್ಮಿ ಬರ್ತದಲ್ರೀ.”

ಸದ್ದಿನ ವಿಷಯ ನನಗೆ ಹೇಳಿಕೊಡಬೇಡ ಎಂದು ರೇಗಿದೆ. ರೇಗಿದ ಮರುಕ್ಷಣ ಹೊಳೆಯಿತು. ಅವಳು ಹೇಳಿದ್ದು ನಿಜವಾದರೆ, ನನಗೆ ಯಾಕೆ ಎರಡೂ ಕಡೆ ಒಂದೇ ಕೇಳುತ್ತಿದೆ?

ಉಳಿದದ್ದು ಒಂದೇ ಪರೀಕ್ಷೆ. ಕುರ್ಚಿಯನ್ನು ಹಿಂದುಮುಂದು ತಿರುಗಿಸಿ ಕೂರುವುದು. ಆಗ ಬಲಗಡೆಯ ಸ್ಪೀಕರು ನನ್ನ ಎಡಗಿವಿಗೆ ಬರುತ್ತದೆ. ತಿರುಗಿಸಲು ಧೈರ್ಯ ಸಾಲದೆ ಒಂದು ಲೋಟ ನೀರು ಕುಡಿದೆ. ಆಮೇಲೆ ತಿರುಗಿಸಿ ಕೂತೆ. ಎಡಗಡೆಯ ಹಾಡು ಮತ್ತೆ ಸಣ್ಣಗಾಯಿತು. ಕೆಟ್ಟಿದ್ದು ಎರಡೂ. ವಾಲ್ವು ಬಲಕ್ಕೆ ಹೋಗಿ, ಕಿವಿ ಎಡದಲ್ಲೇ ಉಳಿದು, ಎರಡರ ದೋಷವೂ ಸರಿತೂಗಿ ನನ್ನನ್ನು ಏಮಾರಿಸಿದ್ದವು. ಅಳು ಬಂದದ್ದೂ ಹೌದು.

ಹೊಸ ವಾಲ್ವು ಶಿವಮೊಗ್ಗದಿಂದ ಬಂತು. ಎಡಬಲ ಸಮ ಇದೆಯೆಂದು ಜಲಜಾಕ್ಷಿಯೇ ತೀರ್ಪು ಕೊಟ್ಟಳು, ನಾನು ವಾದಿಸಲಿಲ್ಲ. ಆಮೇಲೆ ಅವಳು ತನ್ನ ಕುರ್ಚಿಯನ್ನು ಎತ್ತಿ ತಂದು ನನ್ನ ಬಲಕ್ಕೆ ಹಾಕಿಕೊಂಡಳು.

“ಈಗ ಕೇಳ್ತದಾ?”

ಕೇಳುತ್ತದೆ ಎಂದೆ. ಸರಿ, ಆರು ತಿಂಗಳಿಂದ ನನಗೆ ಕೇಳದೆ ಹೋದದ್ದನ್ನೆಲ್ಲ ಮೊದಲಿಂದ ಹೇಳಲು ಶುರುಮಾಡಿದಳು. ನಾನು ಕೈ ಚಾಚಿ ಹಾಡಿನ ಸದ್ದು ಕಡಿಮೆ ಮಾಡಿದೆ.