ಬಲಗೈ ಕಟ್ಟಿಕೊಂಡ ಹುಡುಗಿ

ಪಾರ್ಶ್ವವಾಯು ಬಡಿದ ಮೇಲೆ ನನ್ನ ಬಲಗೈ ಏಳುತ್ತಿರಲಿಲ್ಲ. ಎಡಗೈಯಲ್ಲಿ ಅನ್ನ ಮುಟ್ಟಲು ಮನಸ್ಸು ಒಪ್ಪದೆ, ಹೆಂಡತಿಯೇ ಉಣ್ಣಿಸುತ್ತಿದ್ದಳು. ಕುಂದಾಪುರಕ್ಕೆ ಫಿಸಿಯೋಥೆರಪಿಗೆ ಹೋದ ಒಂದು ದಿನ ಅವಳಿಗೆ ಜ್ವರ. ಬುತ್ತಿ ಮಾತ್ರ ಕಟ್ಟಿಕೊಟ್ಟಿದ್ದಳು. ಮಧ್ಯಾಹ್ನ ಅದನ್ನು ಬಿಚ್ಚದೆ ಕುಳಿತಿದ್ದೆ.

ಅಲ್ಲಿಯೇ ಫಿಸಿಯೋಥೆರಪಿ ಕಲಿಯುವ ಹುಡುಗಿಯೊಬ್ಬಳು ತನ್ನ ಬುತ್ತಿ ಹಿಡಿದು ಪಕ್ಕದಲ್ಲಿ ಬಂದು ಕುಳಿತಳು. ಅವಳ ಬಲಗೈಯನ್ನು ಬಟ್ಟೆಯಿಂದ ಮೈಗೆ ಕಟ್ಟಲಾಗಿತ್ತು.

“ಎಂತ ಆಯ್ತ್ ಮಗಾ, ಬಿದ್ಯಾ?”

“ಇಲ್ಲೆ ಅಜ್ಜಯ್ಯ, ಪಾಠ. ನಿಮ್ಮಂತೋರ್ ಕಷ್ಟ ನಮ್ಗೂ ಗೊತ್ತಾಯ್ಕ್ ಅಂಬ್ರ್ ಮೇಡಮ್ಮು. ಸಂಜಿ ತನಕ ಬಿಚ್ಚುಕಾಗ.”

“ಹಂಗಾರೆ ಎಡ್ಗೈಯಂಗೆ ಉಣ್ಣ್.”

ಅವಳು ಅನ್ನವನ್ನೂ ಎಡಗೈಯನ್ನೂ ನೋಡಿದಳು. “ಮನ್ಸ್ ಬತ್ತಿಲ್ಲೆ. ನೀವ್ ಹ್ಯಾಂಗೆ ಉಂತ್ರಿ?”

“ನಾ ಉಂಬುದಿಲ್ಲೆ.”

ಸ್ವಲ್ಪ ಹೊತ್ತಿಗೆ ಅವಳು ಬಾಗಿಲ ಕಡೆ ನೋಡಿ, ಕಟ್ಟು ಬಿಚ್ಚಿ, ಬಲಗೈಯಲ್ಲಿ ಚೆನ್ನಾಗಿ ಉಂಡು, ಕೈ ತೊಳೆದು ಬಂದು ಬಟ್ಟೆಯನ್ನು ಮತ್ತೆ ಸುತ್ತಿಕೊಂಡಳು. “ಅಜ್ಜಯ್ಯ, ಒಂಚೂರ್ ಗಂಟ್ ಹಿಡ್ಕಣಿ. ಮೇಡಮ್ಮಿಗ್ ಹೇಳ್ಬೇಡಿ.”

ಎಡಗೈಯಿಂದ ಗಂಟು ಹಿಡಿದುಕೊಟ್ಟೆ.

ಅವಳು ಹೋದ ಮೇಲೆ ನನ್ನ ಬಲಗೈಯನ್ನೊಮ್ಮೆ ನೋಡಿಕೊಂಡೆ. ಅದಕ್ಕೆ ಬಿಚ್ಚುವಂಥ ಗಂಟು ಇರಲಿಲ್ಲ. ದೇವರಲ್ಲಿ ತಪ್ಪಾಯಿತೆಂದು ಬೇಡಿಕೊಂಡು, ಬುತ್ತಿ ಬಿಚ್ಚಿ, ಎಡಗೈಯಲ್ಲೇ ಉಂಡೆ.

ಆ ದಿನದ ಪಾಠದಲ್ಲಿ ಪಾಸಾದದ್ದು ಬಹುಶಃ ನಾನೊಬ್ಬನೇ.