ಟವೆಲಕ್ಕನಿಗೆ ಸೆಂಟು ಬೇಡ

ಒಂದು ಸೆಂಟಿನ ಬಾಟಲಿಯನ್ನು ಬಳಸಬೇಕೇ ಬೇಡವೇ ಎಂಬ ಪ್ರಶ್ನೆ ಈ ವಾರ ಒಂದು ಕುಟುಂಬವನ್ನು ಕಾಡಿದೆ. ಹಿರಿಯರು ಕೂತು ಮಾತಾಡಿದ್ದಾರೆ, ಊಟ ಬಿಟ್ಟವರಿದ್ದಾರೆ, ಶನಿವಾರದ ಗಡುವೂ ಬಿದ್ದಿದೆ. ವಿಷಯ ಇಷ್ಟು ಗಂಭೀರವಾದ್ದರಿಂದ ಮೊದಲಿನಿಂದಲೇ ಹೇಳುವುದು ಲೇಸು.

ಬೆಳಗಿನ ಆರು ಗಂಟೆ. ಪ್ರಾಣಿಗಳ ಆಸ್ಪತ್ರೆಯ ಷಟರ್ ಇನ್ನೂ ಅರ್ಧವೇ ಮೇಲೆದ್ದಿದೆ. ಒಳಗೆ ಸ್ಟೀಲಿನ ಮೇಜಿನ ಮೇಲೆ ಒಂದು ಬೂದು ಬೆಕ್ಕು ಎಲ್ಲರ ಮೇಲೂ ಕೇಸು ಹಾಕುವ ಮುಖ ಮಾಡಿ ಕೂತಿದೆ. ಮೂವತ್ತೆಂಟರ ಹೆಂಗಸೊಬ್ಬರು ಹಳೆಯ ಟವೆಲ್ಲೊಂದನ್ನು ಅದರ ಮುಂದೆ ಹರಡಿ, ಬೇರೇನೂ ಕೆಲಸವಿಲ್ಲದವರಂತೆ ಕಾಯುತ್ತಾರೆ. ಬೆಕ್ಕು ಟವೆಲ್ ಮೂಸುತ್ತದೆ, ಆಮೇಲೆ ಅವರ ಮುಂಗೈ ಮೂಸುತ್ತದೆ. ಮರುಕ್ಷಣ ಅದು ಕತ್ತಿನವರೆಗೆ ಸುತ್ತಿದ ಪೊಟ್ಟಣ. ಒಂದು ಹಿಂಗಾಲು ಮಾತ್ರ ಹೊರಗೆ. ಡಾಕ್ಟರಮ್ಮ ಸೂಜಿ ಚುಚ್ಚಿ ತೆಗೆಯುವಷ್ಟರಲ್ಲಿ ಇವರು ಪೊಟ್ಟಣದ ಕಿವಿಯಲ್ಲಿ ಹೇಳುತ್ತಿರುತ್ತಾರೆ: "ಆಯ್ತಲ್ಲ ರಾಜಾ, ಇಷ್ಟಕ್ಕೆ ಅಷ್ಟು ಕೋಪಾನಾ?"

ಆಸ್ಪತ್ರೆಗೆಲ್ಲ ಇವರು ಟವೆಲಕ್ಕ.

ಗಂಡನ ಮನೆ ಬಿಟ್ಟು ಅಕ್ಕನ ಮನೆ ಸೇರಿದ ವರ್ಷ ಇಲ್ಲಿ ನೆಲ ಒರೆಸಲು ಬಂದವರು. ಒಂದು ದಿನ ನಾಯಿ ಹಿಡಿಯಲು ಯಾರೂ ಇಲ್ಲದಾಗ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ ತಾವೇ ಹಿಡಿದರು. ಕೋಲು ಬಹುಮಟ್ಟಿಗೆ ಅಲ್ಲೇ ಉಳಿಯಿತು. ಈಗ ದಿನಕ್ಕೆ ಮೂವತ್ತು ನಲವತ್ತು ಪ್ರಾಣಿಗಳು ಇವರ ಕೈ ದಾಟುತ್ತವೆ: ರಕ್ತ ತೆಗೆಯುವಾಗ ಹಿಡಿಯಬೇಕು, ಗಾಯ ತೊಳೆಯಬೇಕು, ಮಾತ್ರೆ ಹಾಕಿ ನುಂಗುವ ತನಕ ಗಂಟಲು ಸವರಬೇಕು. ಒಮ್ಮೆ ಜ್ವರ ಬಂದ ಭಾವನಿಗೆ ಮಾತ್ರೆ ಕೊಟ್ಟು, ಅಭ್ಯಾಸಬಲದಿಂದ ಅವರ ಗಂಟಲನ್ನೂ ಸವರಿದ್ದುಂಟು. ಭಾವ ನುಂಗಿಕೊಂಡರು. ಅಕ್ಕ ಇನ್ನೂ ನುಂಗಿಕೊಂಡಿಲ್ಲ.

ಅಕ್ಕನ ದೊಡ್ಡ ತಕರಾರು ವಾಸನೆ. ಔಷಧಿ, ಫಿನಾಯಿಲ್, ಒದ್ದೆ ನಾಯಿ ಮೂರೂ ಬೆರೆತ ಆ ವಾಸನೆ ಯಾವ ಸೋಪಿಗೂ ಬಗ್ಗುವುದಿಲ್ಲ. ಅಕ್ಕ ಸೆಂಟು ತಂದುಕೊಟ್ಟರು. ಟವೆಲಕ್ಕ ಒಂದು ದಿನ ಹಾಕಿಕೊಂಡೂ ಬಂದರು.

"ಇಲ್ಲಿಗೊಂದು ಕುರುಡು ನಾಯಿ ಬರುತ್ತೆ. ನಾನು ಹತ್ರ ಹೋದ್ರೆ ಬಾಲ ಕಿತ್ತುಹೋಗೋ ಹಾಗೆ ಆಡ್ಸುತ್ತೆ. ಅವತ್ತು ಬೆಂಚಿನ ಕೆಳಗೆ ಹೋಗಿ ಕೂತುಬಿಡ್ತು. ಕರೆದ್ರೂ ಬರ್ಲಿಲ್ಲ. ಧ್ವನಿ ನಂದು, ವಾಸನೆ ನಂದಲ್ಲ. ಪಾಪ, ಅದು ಯಾವ್ದನ್ನ ನಂಬಬೇಕು?"

ಬಾಟಲಿ ಅಂದೇ ಬಚ್ಚಲ ಕಿಟಕಿಗೆ ಹೋಯಿತು.

ಅಷ್ಟರಲ್ಲಿ ಆಸ್ಪತ್ರೆಗೆ ಹೊಸ ನಿಯಮ ಬಂತು. ಮುಂದಿನ ವರ್ಷದಿಂದ ಪಶುವೈದ್ಯ ಸಹಾಯಕರ ಕೋರ್ಸು ಓದಿದವರು, ಇಲ್ಲವೇ ಓದುತ್ತಿರುವವರು ಮಾತ್ರ ಆ ಮೇಜಿನ ಬಳಿ ನಿಲ್ಲಬಹುದು. ಇಲ್ಲದಿದ್ದರೆ ಮತ್ತೆ ಒರೆಸುವ ಕೋಲು. ಕೋರ್ಸಿಗೆ ಸೇರಲು ಶನಿವಾರ ಕೊನೆ. ಆಸ್ಪತ್ರೆ ಬಿಟ್ಟು ಭಾವನ ಬಟ್ಟೆ ಅಂಗಡಿಗೆ ಬಂದು ಕೂರುವುದಕ್ಕೂ ಶನಿವಾರವೇ ಕೊನೆ ಎಂದು ಅಕ್ಕ ಸಾರಿದರು. ಮುಂದಿನದನ್ನು ಟವೆಲಕ್ಕ ಎರಡೂ ದನಿಯಲ್ಲಿ ಹೇಳಿ ತೋರಿಸುತ್ತಾರೆ.

"ನಾಯಿ ಮೈ ತೊಳೆಯೋಕೂ ಓದ್ಬೇಕೇನೇ, ಈ ವಯಸ್ಸಲ್ಲಿ? ಅಂದ್ಲು. ತೊಳೆಯೋದು ಬರುತ್ತಲ್ಲಕ್ಕ, ಬರದೇ ಇರೋದನ್ನ ಓದ್ತೀನಿ ಅಂದೆ. ಸೆಂಟಾದ್ರೂ ಹಾಕ್ಕೊ, ಇಲ್ಲ ಅಂಗಡಿಗೆ ಬಾ, ಎರಡೂ ಆಗಲ್ಲ ಅಂದ್ರೆ ಈ ಮನೇಲಿ ಜಾಗ ಇಲ್ಲ ಅಂದ್ಲು. ಸರಿ, ಹಾಸಿಗೆ ಸುತ್ತುತ್ತೀನಿ ಅಂದೆ. ಸುತ್ತೋದ್ರಲ್ಲಿ ನನ್ನ ಮೀರಿಸೋರು ಯಾರಿದಾರೆ?"

ಬೇಜಾರಿಲ್ಲವೇ ಎಂದರೆ ಟವೆಲ್ ಮಡಚುತ್ತ ಹೇಳುತ್ತಾರೆ: "ಇದೆ. ಅಕ್ಕ ಅಲ್ವಾ? ಆದ್ರೆ ಈ ವಾಸನೆಗೆ ಯಾರ ಮುಂದೇನೂ ತಲೆ ತಗ್ಗಿಸಲ್ಲ. ಆ ಕುರುಡು ನಾಯಿಗೆ ನಾನಂದ್ರೆ ಇದೇ."

ಶನಿವಾರ ಅವರು ಕೋರ್ಸಿಗೆ ಸೇರಿದರು. ಹಾಸಿಗೆ ಆಸ್ಪತ್ರೆಯ ಹಿಂದಿನ ಬೀದಿಯ ಒಂದು ಕೋಣೆಗೆ ಬಂದಿದೆ. ಬಚ್ಚಲ ಕಿಟಕಿಯಲ್ಲೇ ಉಳಿದ ಸೆಂಟನ್ನು ಈಗ ಭಾವ ಹಾಕಿಕೊಳ್ಳುತ್ತಿದ್ದಾರೆ.