ಕೆಂಪು ಎಳೆಯ ಹಾಯಿಬಟ್ಟೆ

1946ರಲ್ಲಿ ನಾನು ಮುಂಬೈಯ ಒಂದು ದೋಣಿ ಕಾರ್ಖಾನೆಯಲ್ಲಿ ಖರೀದಿ ಅಧಿಕಾರಿಯಾಗಿದ್ದೆ. ಅಲ್ಲಿ ತಯಾರಾಗುತ್ತಿದ್ದುದು ಮೀನುಗಾರರ ದೋಣಿಗಳಲ್ಲ. ಸಿರಿವಂತರು ರಜೆಯಲ್ಲಿ ವಿಹಾರಕ್ಕೆ ಒಯ್ಯುವ ಹಾಯಿದೋಣಿಗಳು. ಕೊಲಂಬೊ, ಆಫ್ರಿಕಾದ ಮೊಂಬಾಸಾಗಳಿಗೆ ರಫ್ತಾಗುತ್ತಿದ್ದವು. ಯುದ್ಧ ಮುಗಿದಿದ್ದರೂ ಇಂಗ್ಲೆಂಡಿನಿಂದ ಹಾಯಿಬಟ್ಟೆ ಬರುತ್ತಿರಲಿಲ್ಲ. ಗಾಳಿ ಸೋರದಷ್ಟು ಒತ್ತಾಗಿ ನೇಯ್ದ ಈ ದಪ್ಪ ಹತ್ತಿಬಟ್ಟೆ ಹುಡುಕುತ್ತ ನಾನು ನಮ್ಮ ಸೀಮೆಗೇ ಬಂದೆ. ನಮ್ಮ ಮನೆ ವಿಜಾಪುರದ ಜೋರಾಪುರ ಪೇಟೆಯಲ್ಲಿತ್ತು.

ಅಲ್ಲಿಗೆ ಹತ್ತಿರದ ಟಿಕೋಟದಲ್ಲಿ ಗೌರವ್ವ ಎಂಬ ವಿಧವೆ ಮತ್ತು ಅವಳ ಮೈದುನ ಸಂಗಪ್ಪ ಎರಡು ಮಗ್ಗ ನಡೆಸುತ್ತಿದ್ದರು. ಕಾರ್ಖಾನೆ ಕೊಳ್ಳುತ್ತದೆ ಎಂಬ ನನ್ನ ಮಾತು ನಂಬಿ ಸೀರೆಯ ಮಗ್ಗಗಳನ್ನು ಬಿಚ್ಚಿ, ದಪ್ಪ ನೂಲಿಗೆ ತಕ್ಕಂತೆ ಗಟ್ಟಿ ಮರದಲ್ಲಿ ಮತ್ತೆ ಕಟ್ಟಿದರು. ನೇಯ್ದ ಬಟ್ಟೆಯ ಮೊದಲ ಥಾನುಗಳು ಸಡಿಲಾದವು. ಕೊನೆಗೊಂದನ್ನು ಗೌರವ್ವ ಅಂಗಳದಲ್ಲಿ ಬಿಗಿದು ಕಟ್ಟಿ ಕೊಡ ನೀರು ಸುರಿದಳು. ಕೆಳಗೆ ಹನಿಯೂ ಇಳಿಯಲಿಲ್ಲ. ಅಂಚಿನುದ್ದಕ್ಕೂ ಒಂದು ಕೆಂಪು ಎಳೆ ಇತ್ತು. ಅದು ಆ ಮನೆಯ ಗುರುತು.

“ಸಮುದ್ರ ಹೆಂಗಿರತೈತ್ರಿ ಸಾಹೇಬ್ರ?” ಎಂದು ಕೇಳಿದಳು.

“ಇಲ್ಲಿಂದ ಬಬಲೇಶ್ವರದ ತನಕ ಎರಿ ಹೊಲ ಎಲ್ಲಾ ನೀರಾದಂಗವ್ವ.”

“ಹಂಗಾದ್ರ ನಮ್ಮ ಬಟ್ಟಿ ಭಾಳ ದೂರ ಹೊಂಟೈತಿ ನೋಡ್ರಿ” ಎಂದು ನಕ್ಕಳು.

ಮುಂಬೈಯಲ್ಲಿ ಮಳೆಗಾಲದ ಮುಂಚಿನ ಬಿರುಗಾಳಿಗೆ ಆ ಬಟ್ಟೆಯಿಂದ ಹೊಲಿದ ಹಾಯಿ ಹರಿಯಲಿಲ್ಲ. ರಫ್ತಿನ ಏಜೆಂಟ್ ಹೊಗಳಿದ. ಆದರೆ ಎಲ್ಲಿಯ ಬಟ್ಟೆ ಎಂದು ತಿಳಿದ ಕೂಡಲೇ ಅವನ ಮುಖ ಬದಲಾಯಿತು. “ಇಲ್ಲಿಯ ಕೈಮಗ್ಗದ್ದು ಅಂತ ಗೊತ್ತಾದರೆ ಅಲ್ಲಿ ಯಾರೂ ದೋಣಿ ಕೊಳ್ಳುವುದಿಲ್ಲ. ಆ ಎಳೆ ತೆಗೆಸಿ, ಇಂಗ್ಲೆಂಡಿನ ಗಿರಣಿಯ ಮುದ್ರೆ ಒತ್ತಿಸಿ” ಎಂದ. ನಾನು ಎಷ್ಟು ವಾದಿಸಿದರೂ ಮಾಲೀಕರು ಅವನ ಮಾತಿಗೇ ಒಪ್ಪಿದರು.

ಟಿಕೋಟಕ್ಕೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆ.

“ಒಂದ ಎಳಿ ಬಿಟ್ರ ಏನ್ ಹೋಗತೈತಿ ವೈನಿ? ಹೊಟ್ಟಿ ನೋಡೂಣು” ಎಂದ ಸಂಗಪ್ಪ.

ಗೌರವ್ವ ಲಾಳಿ ಕೆಳಗಿಟ್ಟಳು. “ಎಳಿ ಅಷ್ಟ ಆಗಿದ್ರ ಬಿಡತಿದ್ದೆ. ಇನ್ನೊಬ್ರ ಸಿಕ್ಕಾ ಹೊಡೀತೀನಿ ಅಂತಾರ. ಅದು ಕಳ್ಳತನ. ಅದಕ್ಕ ಈ ಮನಿ ಮಗ್ಗ ನಡಿಯೂದಿಲ್ರಿ.”

ಕಾರ್ಖಾನೆ ಕೆಲವು ತಿಂಗಳು ಕಾಯ್ದು ಇಂಗ್ಲೆಂಡಿನ ಬಟ್ಟೆಯನ್ನೇ ತರಿಸಿತು. ದೋಣಿಗಳು ಎಂದಿನಂತೆ ಹಡಗು ಏರಿದವು. ಸಂಗಪ್ಪ ಅತ್ತಿಗೆಯೊಂದಿಗೆ ಮಾತು ಬಿಟ್ಟ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಸೊಲ್ಲಾಪುರಕ್ಕೆ ಗಿರಣಿಯ ಕೂಲಿಗೆ ಹೋದ.

ಸ್ವಾತಂತ್ರ್ಯ ಬಂದ ಮೇಲೆ ಒಮ್ಮೆ ಅವಳ ಮನೆಗೆ ಹೋದೆ. ಸಂಗಪ್ಪ ಕಾಲು ಇಳಿಬಿಟ್ಟು ನೇಯುತ್ತಿದ್ದ ಮಗ್ಗದ ಗುಂಡಿಯಲ್ಲಿ ಮಣ್ಣು ತುಂಬಿತ್ತು. ಗೌರವ್ವ ಒಬ್ಬಳೇ ಚೀಲದ ಬಟ್ಟೆ ನೇಯುತ್ತಿದ್ದಳು. ತಲೆ ಎತ್ತದೆ ಹೇಳಿದಳು: “ನಾ ತಪ್ಪ ಮಾಡಿಲ್ರಿ. ಖರೆ, ಹಂಗಂತ ಹೇಳಾಕ ಮನ್ಯಾಗ ಯಾರೂ ಉಳಿದಿಲ್ಲ.”

ಬಟ್ಟೆಯ ಗಟ್ಟಿತನ ನೋಡುವುದಷ್ಟೇ ಖರೀದಿಯವನ ಕೆಲಸವಲ್ಲ ಎಂದು ಅಲ್ಲಿ ಕಲಿತೆ. ಮುಂದೆ ಯಾವ ಊರಿನ ನೇಕಾರರೆದುರು ಕುಳಿತರೂ, ಮಾಲು ಯಾರ ಹೆಸರಲ್ಲಿ ಮಾರಾಟವಾಗುತ್ತದೆ ಎಂಬುದನ್ನೇ ಮೊದಲು ಹೇಳುತ್ತಿದ್ದೆ. ಕೇಳಿ ಎದ್ದು ಹೋದವರು ಕೆಲವರು. ಉಳಿದವರು ನನ್ನ ಮುಖ ನೋಡದೆ, ನೇಯಲು ನೂಲು ಯಾವಾಗ ಬರುತ್ತದೆ ಎಂದು ಕೇಳಿದರು.